ಎಕ್ಸ್‌ಟ್ರಾ ಡಿಮ್

"ಇದರ ಲೈಟು ಇನ್ನೂ ಕಮ್ಮಿ ಆಗ್ಬೇಕು ಮೇಡಂ."

ಕೌಂಟರಿನ ಮೇಲೆ ಫೋನಿಟ್ಟು ಅವನು ನನಗೆ ಹೇಳಿದ ಮೊದಲ ಮಾತು ಇದು. ಅಂದು ಸೋಮವಾರ, ಸಂತೆಯ ದಿನ. ಸೋಮವಾರಪೇಟೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿರುವ ಧರ್ಮೇಂದ್ರಣ್ಣನ ಮೊಬೈಲ್ ಅಂಗಡಿಯಲ್ಲಿ ನಾನು ರಿಪೇರಿ ಕೆಲಸಕ್ಕೆ ಸೇರಿ ಆಗ ನಾಲ್ಕು ವರ್ಷವಾಗಿತ್ತು. ಬೆಳಕು ಸಾಲದು ಎಂದು ಬರುವವರನ್ನು ದಿನಾ ನೋಡುತ್ತಿದ್ದೆ. ಬೆಳಕು ಹೆಚ್ಚಾಯಿತು ಎಂದು ಬಂದವನು ಇವನೊಬ್ಬನೇ.

"ಮೇಲಿಂದ ಕೆಳಗೆ ಎಳೀರಿ. ಅಲ್ಲೊಂದು ಗೆರೆ ಬರುತ್ತೆ. ಎಡಕ್ಕೆ ಜಾರಿಸಿ," ಎಂದೆ, ತಲೆಯೆತ್ತದೆ.

"ಜಾರಿಸಾಯ್ತು. ಇನ್ನು ಜಾರ್ಸೋಕೆ ಜಾಗ ಇಲ್ಲ."

"ಅದಕ್ಕಿಂತ ಕಮ್ಮಿ ಬೇಕು ಅಂದ್ರೆ ಆಫ್ ಮಾಡಿ ಜೇಬಲ್ಲಿ ಇಟ್ಕೊಳ್ಳಿ."

ಅವನು ನಕ್ಕ. ನನ್ನ ನಾಲಿಗೆಗೆ ಗಿರಾಕಿಗಳು ಸಿಟ್ಟಾಗುವುದುಂಟು, ಧರ್ಮೇಂದ್ರಣ್ಣನ ಹತ್ತಿರ ದೂರು ಹೇಳುವುದುಂಟು. ನಗುವವರು ಕಡಿಮೆ. ಆಗ ತಲೆಯೆತ್ತಿದೆ. ಮಾಸಿದ ಹಸಿರು ಅಂಗಿ, ಕೆನ್ನೆಯ ಮೇಲೆ ಮುಳ್ಳು ಗೀರಿದ ಗೆರೆ, ನಿದ್ದೆಗೆಟ್ಟು ಕೆಂಪಾದ ಕಣ್ಣು. ಆ ಕಣ್ಣು ಮಾತ್ರ ನನ್ನನ್ನು ಮೊದಲೇ ಬಲ್ಲವರ ಹಾಗೆ ನೋಡುತ್ತಿತ್ತು.

ಹೆಸರು ಕೀರ್ತಿಕುಮಾರ್. ಫಾರೆಸ್ಟಿನವರ ಆನೆ ಟೀಮಿನಲ್ಲಿ ಕೆಲಸ. ಎಸ್ಟೇಟಿನ ಆಳುಗಳು ಬೆಳಿಗ್ಗೆ ಲೈನ್ ಮನೆಗಳಿಂದ ಹೊರಡುವ ಮೊದಲು ಆನೆ ಯಾವ ತೋಟದಲ್ಲಿದೆ ಎಂದು ನೋಡಿ, ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಬೇಕು. ಅದಕ್ಕೆ ನಾಲ್ಕು ಗಂಟೆಗೇ ತೋಟಕ್ಕೆ ಇಳಿಯಬೇಕು.

"ಕತ್ತಲಲ್ಲಿ ಫೋನ್ ತೆಗೆದ್ರೆ ಮುಖಕ್ಕೆ ಟಾರ್ಚ್ ಹಾಕಿದಂಗೆ ಆಗುತ್ತೆ ಮೇಡಂ. ಆಮೇಲೆ ಐದು ನಿಮಿಷ ನನಗೆ ಏನೂ ಕಾಣಲ್ಲ. ಆನೆ ಎದುರಿಗೇ ನಿಂತಿದ್ರೂ ಕಾಣಲ್ಲ."

"ಆನೆಗೆ ನೀವು ಕಾಣ್ತೀರಾ?"

"ಚೆನ್ನಾಗಿ ಕಾಣ್ತೀನಿ."

ಇದನ್ನೂ ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಫೋನ್ ಕೈಗೆತ್ತಿಕೊಂಡು ಸೆಟ್ಟಿಂಗ್ಸ್ ಒಳಗೆ ಹೋದೆ. ಅಲ್ಲಿ ಎಕ್ಸ್‌ಟ್ರಾ ಡಿಮ್ ಎಂದೊಂದು ಇರುತ್ತದೆ. ಕಡಿಮೆಗಿಂತಲೂ ಕಡಿಮೆ ಬೆಳಕು. ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿದರೆ ಆನ್ ಆಗುವ ಹಾಗೆ ಮಾಡಿಕೊಟ್ಟೆ. ಹಗಲಿನಲ್ಲಿ ಒತ್ತಿದಾಗ ಸ್ಕ್ರೀನ್ ಪೂರಾ ಕಪ್ಪಾಯಿತು.

"ಅಯ್ಯೋ, ಸಾಯಿಸೇಬಿಟ್ರಲ್ಲಾ!"

"ಸತ್ತಿಲ್ಲ. ಬಗ್ಗಿ ಇಲ್ಲಿ."

ಡಿಸ್ಪ್ಲೇಯಲ್ಲಿ ಚುಕ್ಕೆ ಇದೆಯಾ ಎಂದು ನೋಡಲು ನನ್ನ ಟೇಬಲ್ಲಿನ ಮೇಲೆ ಒಂದು ಕಪ್ಪು ಬಟ್ಟೆ ಇರುತ್ತಿತ್ತು. ಮುರಿದ ಕೊಡೆಯಿಂದ ನಾನೇ ಬಿಚ್ಚಿಕೊಂಡಿದ್ದು. ಅದನ್ನು ಫೋನಿನ ಮೇಲೂ ನನ್ನ ತಲೆಯ ಮೇಲೂ ಎಳೆದುಕೊಂಡೆ. ಅವನೂ ಬಗ್ಗಿ ತಲೆ ಒಳಗೆ ತೂರಿಸಿದ.

ಹೊರಗೆ ಸಂತೆಯ ಗದ್ದಲ, ಬಸ್ಸಿನ ಹಾರ್ನು. ಒಳಗೆ ಒಂದು ಅಂಗೈಯಷ್ಟು ಬೂದು ಬೆಳಕು. ಅದರಲ್ಲಿ ಅವನ ಮೂಗಿನ ತುದಿ ಕಂಡಿತು, ರೆಪ್ಪೆ ಕಂಡಿತು, ಕೆನ್ನೆಯ ಗೀರು ಕಂಡಿತು. ಅವನಿಂದ ಏಲಕ್ಕಿ ವಾಸನೆ ಬರುತ್ತಿತ್ತು. ಅವನು ಫೋನ್ ನೋಡುತ್ತಿರಲಿಲ್ಲ.

"ಕಾಣ್ತಾ?" ಎಂದೆ.

"ಕಾಣ್ತು," ಎಂದ, ನನ್ನನ್ನೇ ನೋಡುತ್ತ.

ಬಟ್ಟೆ ಎಳೆದು ಹಾಕಿದೆ. ನನ್ನ ಕಿವಿ ಬಿಸಿಯಾಗಿತ್ತು. ಧರ್ಮೇಂದ್ರಣ್ಣ ಆಚೆ ಕೌಂಟರಿನಿಂದ ಒಮ್ಮೆ ಕೆಮ್ಮಿದರು.

ಆಮೇಲೆ ಪ್ರತಿ ಸೋಮವಾರ ಅವನಿಗೆ ಏನಾದರೂ ಕೆಲಸ ಬಂದುಬಿಡುತ್ತಿತ್ತು. ಒಂದು ವಾರ ಸ್ಕ್ರೀನ್ ಗಾರ್ಡ್, ಒಂದು ವಾರ ಚಾರ್ಜರ್. ಇನ್ನೊಂದು ವಾರ ಕೆಲಸವೇ ಇಲ್ಲದೆ ಬಂದು ಜೇಬಿನಿಂದ ಕಿತ್ತಳೆ ಹಣ್ಣು ತೆಗೆದು ಟೇಬಲ್ಲಿನ ಮೇಲಿಟ್ಟ.

"ಇದಕ್ಕೆ ಎಂತ ರಿಪೇರಿ ಆಗ್ಬೇಕು?" ಎಂದೆ.

"ಸಿಪ್ಪೆ ತೆಗೆದುಕೊಟ್ರೆ ಸಾಕು."

ತೆಗೆದುಕೊಟ್ಟೆ. ಅರ್ಧ ಅವನಿಗೆ, ಅರ್ಧ ನನಗೆ. ಮೂರು ಗಂಡು ನೋಡಿ ಮೂರನ್ನೂ ಬೇಡವೆಂದಿದ್ದ ಇಪ್ಪತ್ತೆಂಟು ವರ್ಷದ ಹೆಣ್ಣು, ಒಂದು ಕಿತ್ತಳೆಯ ತೊಳೆಗೆ ಸೋತುಹೋದೆ. ಇದನ್ನು ಹೇಳಿಕೊಳ್ಳಲು ಈಗ ನನಗೆ ನಾಚಿಕೆಯೇನೂ ಇಲ್ಲ. ನಾಚಿಕೆಪಡಬೇಕಾದ್ದು ಮುಂದೆ ಬರುತ್ತದೆ.

ಬೆಳಗಿನ ಜಾವ ಐದಕ್ಕೆ ಹತ್ತು ನಿಮಿಷವಿರುವಾಗ ಅವನ ಮೆಸೇಜ್ ಬರುತ್ತಿತ್ತು. 'ಮೂರು ಇದಾವೆ. ಒಂದು ಮರಿ. ನೀವು ನಿದ್ದೇಲಿ ಇದೀರಾ?' ನಾನು ನಾಲ್ಕೂವರೆಗೇ ಎಚ್ಚರವಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಮಲಗಿದ ಅಮ್ಮ ಶಕುಂತಲಮ್ಮನಿಗೆ ತಿಳಿಯಬಾರದೆಂದು ನನ್ನ ಫೋನಿಗೂ ಎಕ್ಸ್‌ಟ್ರಾ ಡಿಮ್ ಹಾಕಿಕೊಂಡಿದ್ದೆ. ಕಾಫಿ ಗಿಡಗಳ ನಡುವೆ ಅವನು, ಕಂಬಳಿಯೊಳಗೆ ನಾನು, ಇಬ್ಬರ ಮುಖದ ಮೇಲೂ ಒಂದೇ ಮಬ್ಬು ಬೆಳಕು ಎಂದು ಯೋಚಿಸಿ ಸುಖಪಡುತ್ತಿದ್ದೆ. ಪ್ರೀತಿಯ ಮಾತು ಅವನೂ ಆಡಲಿಲ್ಲ, ನಾನೂ ಆಡಲಿಲ್ಲ. ಇಂದಲ್ಲ ನಾಳೆ ಆಡುತ್ತಾನೆ ಎಂದುಕೊಂಡಿದ್ದೆ.

ಡಿಸೆಂಬರಿನ ಒಂದು ಶುಕ್ರವಾರ, ಕಾಫಿ ಪಿಕ್ಕಿಂಗ್ ಜೋರಾಗಿದ್ದ ಕಾಲ, ನಡು ಮಧ್ಯಾಹ್ನ ಅವನು ಬಂದ. ಶುಕ್ರವಾರ ಅವನು ಯಾವತ್ತೂ ಬಂದವನಲ್ಲ. ಮೆಟ್ಟಿಲ ಮೇಲಿನ ಬಿಸಿಲಿನಲ್ಲಿ ನಿಂತೇ ಫೋನ್ ಚಾಚಿದ.

"ಸತ್ತೋಯ್ತು."

ಸ್ಕ್ರೀನ್ ಕಪ್ಪಗಿತ್ತು. ಕೆಳಗೆ ಬಿತ್ತಾ, ನೀರಿಗೆ ಬಿತ್ತಾ ಎಂದು ಕೇಳುತ್ತಲೇ ಕಪ್ಪು ಬಟ್ಟೆಯೊಳಗೆ ಹಿಡಿದು ನೋಡಿದೆ. ಅದೇ ಬೂದು ಬೆಳಕು. ಬೆಳಿಗ್ಗೆ ತೋಟದಲ್ಲಿ ಡಿಮ್ ಮಾಡಿದ್ದಾನೆ, ತೆಗೆಯಲು ಮರೆತಿದ್ದಾನೆ, ಬಿಸಿಲಿಗೆ ಬಂದಾಗ ಸತ್ತಿತೆಂದು ಹೆದರಿದ್ದಾನೆ. ಕತ್ತಲಲ್ಲಿ ಕೆಲಸ ಮಾಡುವವರು ಮಾತ್ರ ಮಾಡಬಹುದಾದ ತಪ್ಪು. ನನಗೆ ನಗು ಉಕ್ಕಿ ಬಂತು.

ಆ ಕ್ಷಣದಲ್ಲೇ ಎರಡು ಬಟನ್ ಒತ್ತಿ, ಮುಖಕ್ಕೆ ಹಿಡಿದು, ಚೆನ್ನಾಗಿ ಗೇಲಿ ಮಾಡಿ ಕಳಿಸಬಹುದಿತ್ತು. ಕಳಿಸಿಬಿಟ್ಟರೆ ಅವನು ಹೊರಟುಹೋಗುತ್ತಾನೆ. ಫೋನ್ ಇಟ್ಟುಕೊಂಡರೆ ಮತ್ತೆ ಬರುತ್ತಾನೆ. ಅಷ್ಟೇ ಆಸೆ.

"ಡಿಸ್ಪ್ಲೇ ಹೋಗಿದೆ," ಎಂದೆ, ಗಂಭೀರವಾಗಿ. "ಮೈಸೂರಿಂದ ತರಿಸ್ಬೇಕು. ಸೋಮವಾರ ಬನ್ನಿ."

"ಆಯ್ತು. ಸೋಮವಾರ ಬರ್ತೀನಿ."

ಇಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಇಷ್ಟವಾಯಿತು. ಸಿಮ್ ತೆಗೆದುಕೊಡಲು ಪಿನ್ನು ಹಾಕಹೊರಟೆ. ಅಂಗಡಿಯ ಪದ್ಧತಿ ಅದು. ಫೋನ್ ನಮ್ಮಲ್ಲಿ ಉಳಿದರೆ ಸಿಮ್ ಗಿರಾಕಿಯ ಕೈಗೆ.

"ಸಿಮ್ ಅಲ್ಲೇ ಇರ್ಲಿ ಬಿಡಿ. ಹಾಕ್ಕೊಳ್ಳೋಕೆ ಬೇರೆ ಫೋನಿಲ್ಲ. ಡ್ಯೂಟೀಲಿ ನಿಂಗನ ಫೋನ್ ಇದೆ, ಬೇಕಾದ್ರೆ ಅವನ ನಂಬರಿಗೆ ಮಾಡಿ." ಜೊತೆಯಲ್ಲಿ ಆನೆ ಕಾಯುವ ನಿಂಗನ ನಂಬರನ್ನೂ, ಫೋನಿನ ಲಾಕ್ ತೆಗೆಯುವ ನಾಲ್ಕು ಅಂಕಿಗಳನ್ನೂ ಕೇಳದೆಯೇ ಹೇಳಿದ. ಆಮೇಲೆ, "ಚೀಟಿ ಕೊಡಿ. ತಾರೀಕು ಹಾಕಿ ಬರೀರಿ," ಎಂದ.

ಬರೆದುಕೊಟ್ಟೆ. ಕೀರ್ತಿಕುಮಾರ್, ಡಿಸ್ಪ್ಲೇ ಇಲ್ಲ, ಸಿಮ್ ಸಮೇತ, ಶುಕ್ರವಾರದ ತಾರೀಕು, ಸೋಮವಾರ ವಾಪಸ್ಸು. ಕೆಳಗೆ ನನ್ನ ಸಹಿ. ಅವನು ಚೀಟಿಯನ್ನು ಎರಡು ಸಲ ಓದಿ ಮಡಚಿಕೊಂಡ.

ಗಿರಾಕಿಯ ಫೋಟೋ ನೋಡಬಾರದು, ಮೆಸೇಜ್ ಓದಬಾರದು. ಧರ್ಮೇಂದ್ರಣ್ಣ ನನಗೆ ಹೇಳಿಕೊಟ್ಟ ಮೊದಲ ಪಾಠ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಮೀರಿರಲಿಲ್ಲ. ಅಂದು ಅವರು ಊಟಕ್ಕೆ ಹೋದ ಮೇಲೆ ಬಟ್ಟೆಯೊಳಗೆ ತಲೆ ತೂರಿಸಿ, ಆ ನಾಲ್ಕು ಅಂಕಿ ಒತ್ತಿದೆ. ಸ್ಪಂದನಾ ಎಂಬ ನನ್ನ ಹೆಸರನ್ನು ಅವನು ಏನೆಂದು ಸೇವ್ ಮಾಡಿದ್ದಾನೆ ಎಂದು ನೋಡುವ ಚಪಲ. ಬೇರೇನೂ ಇರಲಿಲ್ಲ, ಆಣೆ ಮಾಡಿ ಹೇಳಬಲ್ಲೆ.

'ಸ್ಪಂದನಾ ಮೊಬೈಲ್ ಶಾಪ್' ಎಂದಿತ್ತು.

ಅದರ ಮೇಲೆ, ಎಲ್ಲರಿಗಿಂತ ಮೇಲೆ, ಪಿನ್ ಮಾಡಿದ್ದ ಹೆಸರು 'ಮಾಲತಿ'. ಆರು ಹೊಸ ಮೆಸೇಜುಗಳು.

ಮಾಲತಿ ಮಡಿಕೇರಿಯಾಚೆ ಕರಿಕೆ ಎಂಬ ಊರಿನ ಅಂಗನವಾಡಿ ಟೀಚರ್. ಇವನು ಮೊದಲು ಎರಡು ವರ್ಷ ಆ ಕಡೆ ಡ್ಯೂಟಿಯಲ್ಲಿದ್ದನಂತೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆ, ದಿನಕ್ಕೊಮ್ಮೆ ರಸ್ತೆಯ ತಿರುವಿಗೆ ಹತ್ತಿ ಬಂದು ಬರೆಯುತ್ತಿದ್ದಳು. ಇದೆಲ್ಲ ನನಗೆ ಅವಳ ಮೆಸೇಜುಗಳಿಂದಲೇ ತಿಳಿಯಿತು. 'ಇಲ್ಲಿ ಚಳಿ ಉಟ್ಟು', ಅಂದರೆ ಚಳಿ ಇದೆ, ಎಂದು ತನ್ನ ಅರೆಭಾಷೆಯಲ್ಲಿ ಶುರು ಮಾಡಿ ಉಳಿದದ್ದನ್ನು ಅವನಿಗಾಗಿ ನಮ್ಮ ಕನ್ನಡದಲ್ಲಿ ಬರೆದಿದ್ದಳು.

'ಭಾನುವಾರ ಸುಳ್ಯದಿಂದ ನೋಡೋಕೆ ಬರ್ತಾರೆ. ಅಣ್ಣ ಅವತ್ತೇ ಮಾತು ಕೊಟ್ಟುಬಿಡ್ತಾನೆ.'

'ನೀವು ಬರ್ತೀನಿ ಅಂತ ಒಂದು ಮಾತು ಹಾಕಿ. ಒಂದೇ ಮಾತು ಸಾಕು. ನಾನು ಯಾರ ಎದುರಿಗಾದ್ರೂ ನಿಲ್ತೀನಿ.'

ಬಟ್ಟೆಯೊಳಗೆ ಎಷ್ಟು ಹೊತ್ತು ಇದ್ದೆನೋ ಗೊತ್ತಿಲ್ಲ. ಹೊರಗೆ ಬಂದಾಗ ಅಂಗಡಿಯ ಬೆಳಕು ಕಣ್ಣಿಗೆ ಚುಚ್ಚಿತು.

ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟು ಬಂದದ್ದು ಅವಳ ಮೇಲೆ. ನಾನು ನಾಲ್ಕೂವರೆಗೆ ಎದ್ದು ಕಾದ ಬೆಳಗುಗಳೆಲ್ಲ ಅವಳದಾಗಿಬಿಟ್ಟವಲ್ಲ ಎಂಬ ಸಿಟ್ಟು.

ನಾನು ಮಾಡಬೇಕಾದ್ದು ಸಣ್ಣ ಕೆಲಸ. ಅಂಗಡಿಯ ಪುಸ್ತಕದಲ್ಲಿ ನಿಂಗನ ನಂಬರು ಬರೆದಿಟ್ಟಿದ್ದೆ. 'ಫೋನ್ ಸರಿಯಾಗಿದೆ, ಬಂದು ತಗೊಂಡ್ಹೋಗಿ' ಎಂದರೆ ಸಂಜೆಯೊಳಗೆ ಬರುತ್ತಿದ್ದ. ಶನಿವಾರ ಮಡಿಕೇರಿಗೆ ಹೋಗಿ ಅಲ್ಲಿಂದ ಕರಿಕೆಯ ಬಸ್ಸು ಹತ್ತುತ್ತಿದ್ದ. ಅಂಗಡಿಯ ಲ್ಯಾಂಡ್‌ಲೈನಿನ ರಿಸೀವರ್ ಕೈಗೆತ್ತಿಕೊಂಡಿದ್ದೆ ಕೂಡ. ಧರ್ಮೇಂದ್ರಣ್ಣ ಊಟ ಮುಗಿಸಿ ಬಂದು, "ಯಾರಿಗೆ?" ಎಂದರು. "ಯಾರಿಗೂ ಇಲ್ಲ," ಎಂದು ಇಟ್ಟೆ.

ಫೋನನ್ನು ಚಾರ್ಜಿಗೆ ಹಾಕಿ ಡ್ರಾಯರಿನಲ್ಲಿಟ್ಟೆ. ಸಾಯಲೂ ಬಿಡಲಿಲ್ಲ, ಬೆಳಗಲೂ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಬರೆದಳು. 'ನೋಡಿದ್ದೀರಿ. ನೀಲಿ ಗೆರೆ ಬಿದ್ದಿದೆ. ಕೆಲಸದಲ್ಲಿ ಇರಬೇಕು ಅಂದ್ಕೊಂಡಿದ್ದೀನಿ.' ಸಂಜೆ ಮತ್ತೆ ಬರೆದಳು. 'ಕತ್ತಲಾಗ್ತಾ ಬಂತು. ಇನ್ನು ಹತ್ತು ನಿಮಿಷ ತಿರುವಲ್ಲೇ ಇರ್ತೀನಿ.' ಅದನ್ನೂ ತೆರೆದು ಓದಿದೆ. ಎರಡು ನೀಲಿ ಗೆರೆ ಬೀಳುವುದನ್ನು ಅವಳು ಆ ತಿರುವಿನಲ್ಲಿ ನಿಂತು ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಓದಿದೆ.

ಭಾನುವಾರ ಅಂಗಡಿಗೆ ರಜೆ. ಸೋಮವಾರ ಬಂದು ಡ್ರಾಯರ್ ತೆಗೆದಾಗ ಒಂದೇ ಮೆಸೇಜ್ ಇತ್ತು. 'ಬಂದು ಹೋದರು. ಒಪ್ಪಿಗೆ ಆಯ್ತು. ನಿಮ್ಮ ಮೇಲೆ ಸಿಟ್ಟಿಲ್ಲ. ಆನೆ ಹತ್ರ ಜೋಪಾನ.'

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವನು ಹತ್ತು ಗಂಟೆಗೆ ಬಂದ. ಎರಡು ಬಟನ್ ಒತ್ತಿ, ಬೆಳಗುತ್ತಿದ್ದ ಫೋನನ್ನು ಕೊಟ್ಟೆ. "ಕನೆಕ್ಷನ್ ಲೂಸ್ ಇತ್ತು ಅಷ್ಟೇ. ಏನೂ ಕೊಡೋದು ಬೇಡ," ಎಂದೆ. ಅವನು ಮೆಟ್ಟಿಲಿಗೆ ಹೋಗಿ ನನಗೆ ಬೆನ್ನು ಹಾಕಿ ಓದಿದ. ಆ ಬೆನ್ನನ್ನೇ ನೋಡುತ್ತ ನಿಂತಿದ್ದೆ. ಅದು ಕುಸಿಯುತ್ತದೆ ಎಂದುಕೊಂಡಿದ್ದೆ. ಕುಸಿಯಲಿಲ್ಲ. ಸ್ವಲ್ಪ ಹೊತ್ತಿಗೆ ತಿರುಗಿ ಬಂದ.

"ಆ ಚೀಟಿ ನಾನೇ ಇಟ್ಕೊಳ್ಳಲಾ?"

ಫೋನ್ ಕೊಟ್ಟ ಮೇಲೆ ಚೀಟಿಯನ್ನು ನಾವು ವಾಪಸ್ಸು ತೆಗೆದುಕೊಳ್ಳುತ್ತೇವೆ. ಇವನಿಗೆ ಬಿಟ್ಟುಕೊಟ್ಟೆ. ನನ್ನ ಅಕ್ಷರ ಇಟ್ಟುಕೊಳ್ಳುವ ಆಸೆ ಇರಬೇಕೆಂದು, ಅಂಥ ಹೊತ್ತಿನಲ್ಲೂ ಪುಳಕಗೊಂಡ ಮುಟ್ಠಾಳಿ ನಾನು.

ಏಪ್ರಿಲಿನಲ್ಲಿ ನಮ್ಮ ಮದುವೆಯಾಯಿತು.

ಅವನು ಒಳ್ಳೆಯ ಗಂಡ. ಏರುದನಿಯ ಮಾತಿಲ್ಲ, ಕುಡಿತವಿಲ್ಲ. ಹೊತ್ತಿಗೆ ಮುಂಚೆ ಏಳುವಾಗ ನನಗೆ ಎಚ್ಚರವಾಗಬಾರದೆಂದು ಕಂಬಳಿಯೊಳಗೇ ಫೋನ್ ನೋಡುತ್ತಿದ್ದ. ಎಕ್ಸ್‌ಟ್ರಾ ಡಿಮ್ ಹಾಕಿಕೊಂಡು. ನನಗೆ ಎಚ್ಚರವಾಗುತ್ತಿತ್ತು. ಆ ಬೂದು ಬೆಳಕು ನನ್ನ ಕಣ್ಣಿಗೆ ಬೀಳದ ದಿನವಿಲ್ಲ. ಕರಿಕೆಯ ತಿರುವಿನಲ್ಲಿ ಕತ್ತಲಾಗುವವರೆಗೆ ನಿಂತಿದ್ದವಳ ಮುಖ ನಾನು ನೋಡಿದ್ದಲ್ಲ. ಆದರೂ ಆ ಬೆಳಕಿನಲ್ಲಿ ಕಾಣುತ್ತಿತ್ತು. ಇವನನ್ನು ಕದ್ದು ತಂದೆ ಎಂಬ ಭಾರ ಹೊತ್ತುಕೊಂಡೇ ಎರಡು ವರ್ಷ ಸಂಸಾರ ಮಾಡಿದೆ. ಅನ್ನ ಬಡಿಸುವಾಗ ಅವನು ಒಂದು ನಿಮಿಷ ಸುಮ್ಮನಾದರೆ, ಗೊತ್ತಾಗಿಬಿಟ್ಟಿತೇ ಎಂದು ಅವನ ಮುಖ ನೋಡುತ್ತಿದ್ದೆ.

ಕಳೆದ ವಾರ ಅವನು ಹೊಸ ಫೋನ್ ಕೊಂಡ. ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಹಾಕಿಕೊಡಲು ನನಗೇ ಕೊಟ್ಟ. ಹಳೆಯ ಫೋನಿನ ಬ್ಯಾಕ್ ಕವರ್ ತೆಗೆದಾಗ ಮಡಚಿದ ಚೀಟಿ ಬಿತ್ತು. ಡಿಸ್ಪ್ಲೇ ಇಲ್ಲ, ಸಿಮ್ ಸಮೇತ, ನನ್ನ ಸಹಿ. ಮಡಿಕೆಗಳು ಸವೆದು ತೂತಾಗಿದ್ದವು.

ನನ್ನ ಅಕ್ಷರವನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡವನಿಗೆ ನಾನು ಮಾಡಿದ್ದೇನು ಎಂದು ದುಃಖ ಒತ್ತರಿಸಿ ಬಂತು. ಮರುದಿನ ಜಾವದಲ್ಲಿ, ಕಂಬಳಿಯೊಳಗೆ ಆ ಬೆಳಕು ಹೊತ್ತಿಕೊಂಡಾಗ, ತಡೆಯಲಾಗಲಿಲ್ಲ.

"ರೀ. ಆ ದಿನ ಡಿಸ್ಪ್ಲೇ ಹೋಗಿರ್ಲಿಲ್ಲ."

"ಗೊತ್ತು," ಎಂದ.

ಬೆರಳು ಸ್ಕ್ರೀನಿನ ಮೇಲೆ ಓಡುತ್ತಲೇ ಇತ್ತು. ಆನೆ ಗ್ರೂಪಿನ ಮೆಸೇಜು.

"ಏನು ಗೊತ್ತು?"

"ಡಿಮ್ ಆಗಿತ್ತು ಅಂತ. ನಾನೇ ಮಾಡ್ಕೊಂಡು ಬಂದಿದ್ದು, ನಿನ್ನ ಅಂಗಡಿ ಮೆಟ್ಲ ಕೆಳಗೆ ನಿಂತು. ನೀನೇ ಕಲಿಸಿದ್ದಲ್ವಾ, ಮರೀತೀನಾ?"

ನಾನು ಎದ್ದು ಕೂತೆ.

"ಅವಳು ಉತ್ತರ ಕೇಳ್ತಿದ್ಲು. ಮೆಸೇಜ್ ತೆರೀದೆ ಮೇಲಿಂದ್ಲೇ ಓದಿದ್ದೆ. ಬರ್ತೀನಿ ಅನ್ನೋಕೂ ಆಗ್ತಿರ್ಲಿಲ್ಲ, ಬರಲ್ಲ ಅನ್ನೋಕೂ ಬಾಯಿ ಬರ್ತಿರ್ಲಿಲ್ಲ. ಆಗ್ಲೇ ನೀನು ಮನಸ್ಸಲ್ಲಿ ಇದ್ದೆ." ಸಂತೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದ. "ಸಿಮ್ ಯಾಕೆ ಬಿಟ್ಟೆ, ಲಾಕ್ ನಂಬರ್ ಯಾಕೆ ಕೊಟ್ಟೆ ಅಂತ ಇಷ್ಟು ಚುರುಕಿರೋ ನಿಂಗೆ ಹೊಳೀಲೇ ಇಲ್ವಾ?"

"ನಾನು ಓದ್ತೀನಿ ಅಂತ ಗೊತ್ತಿತ್ತಾ?"

"ಓದ್ತೀಯ ಅಂತ್ಲೂ ಗೊತ್ತಿತ್ತು. ಓದಿ ಸುಮ್ನಿರ್ತೀಯ ಅಂತ್ಲೂ ಅನ್ಸಿತ್ತು."

"ನಿಂಗನ ನಂಬರಿಗೆ ನಾನು ಫೋನ್ ಮಾಡಿದ್ದಿದ್ರೆ?"

"ಮಾಡಿದ್ದಿದ್ರೆ ಕರಿಕೆಗೆ ಹೋಗ್ತಿದ್ದೆ." ಸ್ವಲ್ಪ ಯೋಚಿಸಿ ಮತ್ತೆ ಹೇಳಿದ. "ಹೌದು. ಹೋಗ್ತಿದ್ದೆ. ನೀನು ಮಾಡ್ಲಿಲ್ಲ."

ಒಬ್ಬ ಹೆಣ್ಣಿನ ಬದುಕನ್ನು ತೀರ್ಮಾನಿಸುವ ಕೆಲಸವನ್ನು ಇನ್ನೊಬ್ಬಳ ಡ್ರಾಯರಿನಲ್ಲಿಟ್ಟು, ಇವನು ಮೂರು ದಿನ ಆನೆ ಕಾದುಕೊಂಡಿದ್ದ.

"ಚೀಟಿ ಯಾಕೆ ಇಟ್ಕೊಂಡ್ರಿ?"

"ಅವಳಿಗೆ ಫೋಟೋ ತೆಗೆದು ಕಳಿಸಿದೆ. ಫೋನ್ ರಿಪೇರೀಲಿತ್ತು, ಅಂಗಡಿ ಹುಡುಗಿ ಓದಿರ್ಬೇಕು, ನಂಗೆ ಗೊತ್ತೇ ಇರ್ಲಿಲ್ಲ ಅಂತ. ಇಲ್ದಿದ್ರೆ ಅವಳು ನನ್ನನ್ನ ಏನಂದ್ಕೊಳ್ತಿದ್ಲು ಹೇಳು? ಆಮೇಲೆ ಯಾರಾದ್ರೂ ಕೇಳಿದ್ರೆ ಇರ್ಲಿ ಅಂತ ಕವರೊಳಗೆ ಹಾಕಿದ್ದೆ."

"ಅವಳು ಏನಂದ್ಲು?"

"'ಪಾಪ, ಅವಳಿಗೂ ನಿಮ್ಮ ಮೇಲೆ ಮನಸ್ಸಿರಬೇಕು' ಅಂದ್ಲು. ಅಷ್ಟೇ. ಆಮೇಲೆ ಬರೀಲಿಲ್ಲ."

ನಾನು ಅಳುತ್ತಿದ್ದೇನೆ ಎಂದು ಅವನಿಗೆ ಆಗ ತಿಳಿಯಿತು. ಫೋನ್ ಎದೆಯ ಮೇಲಿಟ್ಟುಕೊಂಡು ನನ್ನನ್ನು ಹತ್ತಿರ ಎಳೆದುಕೊಂಡ. ಅಂಗಿಯಲ್ಲಿ ಅದೇ ಏಲಕ್ಕಿ ವಾಸನೆ.

"ಎಂತಕ್ಕೆ ಅಳ್ತೀಯ ಮಾರಾಯ್ತಿ? ನಿನ್ನ ಮೇಲೆ ಪ್ರೀತಿ ಇತ್ತು. ಆ ಕಪ್ಪು ಬಟ್ಟೆ ಒಳಗೆ ನೋಡಿದ್ನಲ್ಲ, ಅವತ್ತಿಂದ. ನಿನಗೋಸ್ಕರವೇ ತಾನೆ ಮಾಡಿದ್ದು?"

ಇದನ್ನು ಕೇಳಬೇಕೆಂದೇ ನಾನು ಎಷ್ಟೋ ಬೆಳಗಿನ ಜಾವ ಎದ್ದು ಕಾದಿದ್ದೆ. ಕದ್ದು ತಂದದ್ದಲ್ಲ, ಮೊದಲಿಂದಲೂ ನನ್ನವನೇ ಆಗಿದ್ದ. ಬೇಕೆಂದು ಹಂಬಲಿಸಿದ ಮಾತು ಕೊನೆಗೂ ಸಿಕ್ಕಿತು. ಅವನ ತೋಳಿನಲ್ಲಿ ನನ್ನ ಕೈಕಾಲು ತಣ್ಣಗಾದವು.

"ಲೈಟ್ ಜಾಸ್ತಿ ಮಾಡಿ," ಎಂದೆ. "ನಿಮ್ಮ ಮುಖ ನೋಡ್ಬೇಕು."

"ಬೇಡ ಕಣೇ. ಈಗ ಬೆಳಕು ನೋಡಿದ್ರೆ ತೋಟದಲ್ಲಿ ಕಣ್ಣು ಕಾಣಲ್ಲ."

ನನ್ನ ಕೆನ್ನೆ ಒರೆಸಿ, ಕಂಬಳಿ ಹೊದಿಸಿ, ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋದ.

ಅಂದು ಸಂಜೆ ಅವನು ಸ್ನಾನಕ್ಕೆ ಹೋದಾಗ ಹೊಸ ಫೋನ್ ಕೈಗೆತ್ತಿಕೊಂಡೆ. ಲಾಕಿನ ನಂಬರ್ ಬದಲಾಗಿರಲಿಲ್ಲ. ಒಳಗೆ ಯಾರ ಮೆಸೇಜನ್ನೂ ಓದಲಿಲ್ಲ. ಓದುವ ಧೈರ್ಯ ಉಳಿದಿರಲಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ಎಕ್ಸ್‌ಟ್ರಾ ಡಿಮ್ ತೆಗೆದೆ. ಎರಡು ಬಟನ್ನಿನ ದಾರಿಯನ್ನೂ ಅಳಿಸಿದೆ. ಇನ್ನು ಕಂಬಳಿಯೊಳಗೆ ಏನು ನೋಡಿದರೂ ಅವನ ಮುಖ ನನಗೆ ಪೂರಾ ಕಾಣಬೇಕು.

ಮರುದಿನ ಮೂರು ಗಂಟೆಗೆ ಎಚ್ಚರವಾಯಿತು. ಪಕ್ಕದಲ್ಲಿ ಅದೇ ಬೂದು ಬೆಳಕು ಇತ್ತು. ನಾನು ಅಳಿಸಿದ್ದನ್ನು ಅವನು ಯಾರನ್ನೂ ಕೇಳದೆ ತಾನೇ ಮತ್ತೆ ಹಾಕಿಕೊಂಡಿದ್ದ. ಅಷ್ಟು ಚೆನ್ನಾಗಿ ಕಲಿಸಿಕೊಟ್ಟಿದ್ದೆ.